ಒಂದು ಪೆಟ್ಟಿಗೆಯನ್ನಾದರೂ ಬಿಚ್ಚಿ

ಹಳೆಯ ರಿಮೋಟ್ ಕಾರುಗಳ ಕಿಟ್ಟುಗಳನ್ನು ಕೊಂಡು, ಸೀಲು ಒಡೆಯದೆ ಕಾಪಿಟ್ಟಿರುವ ನನ್ನ ಓರಗೆಯ ಎಲ್ಲರಿಗೂ ಒಂದು ಬಹಿರಂಗ ಪತ್ರ

ಮಾನ್ಯ ಗೆಳೆಯರೇ,



ನಿಮ್ಮಲ್ಲಿ ಹೆಚ್ಚಿನವರ ಮುಖಪರಿಚಯ ನನಗಿಲ್ಲ. ಆದರೆ ನೀವು ಎಂಥವರು ಎಂಬುದು ಚೆನ್ನಾಗಿ ಗೊತ್ತು, ಯಾಕೆಂದರೆ ನನ್ನ ಒಡಹುಟ್ಟಿದ ಅಣ್ಣನೇ ನಿಮ್ಮ ಪೈಕಿಯವನು. ಇಂಗ್ಲೆಂಡಿನಲ್ಲಿರುವ ಅವನ ಮನೆಯಲ್ಲಿ ಒಂದು ಕೋಣೆ ಈ ಪೆಟ್ಟಿಗೆಗಳಿಗೇ ಮೀಸಲು. ಹಾರ್ನೆಟ್, ಫ್ರಾಗ್, ಹಾಟ್‌ಶಾಟ್, ಲಂಚ್ ಬಾಕ್ಸ್, ಸ್ಯಾಂಡ್ ಸ್ಕಾರ್ಚರ್, ಎಲ್ಲವೂ ಒಂದರ ಮೇಲೊಂದು ಚಾವಣಿಯವರೆಗೆ ಏರಿವೆ. ಕಂಪನಿ ಸುತ್ತಿ ಕಳಿಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಇವನು ತನ್ನದೊಂದು ಸುತ್ತು ಸುತ್ತಿದ್ದಾನೆ. ಮುಚ್ಚಳದ ಚಿತ್ರ ಬಿಸಿಲಿಗೆ ಮಾಸಬಾರದೆಂದು ಕಿಟಕಿಗೆ ದಪ್ಪ ಪರದೆ. ಮೂಲೆಯಲ್ಲಿ ತೇವ ಹೀರುವ ಯಂತ್ರ. ಹನ್ನೆರಡು ವರ್ಷದ ಮಗಳು ಬಾಗಿಲಲ್ಲಿ ನಿಂತು ನೋಡಬಹುದು, ಮುಟ್ಟುವಂತಿಲ್ಲ. "ಇದನ್ನೆಲ್ಲ ಯಾವಾಗ ಜೋಡಿಸ್ತೀಯಣ್ಣಾ?" ಎಂದು ಕೇಳಿದರೆ "ರಿಟೈರ್ ಆಗಲಿ ತಡಿ" ಅನ್ನುತ್ತಾನೆ.

ಬೆಂಗಳೂರಿನಲ್ಲಿ, ದುಬೈಯಲ್ಲಿ, ಅಮೆರಿಕದಲ್ಲಿ ಇಂಥದೇ ಕೋಣೆ ಮಾಡಿಕೊಂಡ ಕನ್ನಡಿಗರೂ ಇದ್ದೀರಿ. ನಿಮ್ಮೆಲ್ಲರಲ್ಲಿ ನನ್ನ ಬಿನ್ನಹ ಇಷ್ಟೇ: ಒಂದು ಪೆಟ್ಟಿಗೆಯನ್ನಾದರೂ ಬಿಚ್ಚಿ, ಅದನ್ನು ಜೋಡಿಸುವ ಕೆಲಸವನ್ನು ಒಂದು ಮಗುವಿಗೆ ಬಿಡಿ.

ಇದನ್ನು ಹೇಳಲು ಇವಳು ಯಾರು ಎಂದು ಕೇಳುವ ಹಕ್ಕು ನಿಮಗಿದೆ. ನಮ್ಮಪ್ಪ ತೀರ್ಥಹಳ್ಳಿ ಕಡೆಯವರು. ಎಂಬತ್ತರ ದಶಕದಲ್ಲಿ ಉತ್ತರ ಇಂಗ್ಲೆಂಡಿನ ಊರೊಂದರ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದರು. ಅಣ್ಣನ ಹಟ ತಡೆಯಲಾರದೆ ಅವರು ಟಮಿಯಾ ಕಂಪನಿಯ ಹಾರ್ನೆಟ್ ತಂದುಕೊಟ್ಟರು. ಪೆಟ್ಟಿಗೆ ತೆರೆದಾಗ ಅಣ್ಣ ಅಳುವುದೊಂದು ಬಾಕಿ. ಒಳಗೆ ಕಾರೇ ಇರಲಿಲ್ಲ! ಪುಟ್ಟ ಪುಟ್ಟ ಚೀಲಗಳಲ್ಲಿ ಸ್ಕ್ರೂ, ಚೌಕಟ್ಟಿಗೆ ಅಂಟಿಕೊಂಡ ಪ್ಲಾಸ್ಟಿಕ್ ಭಾಗಗಳು, ಮುಳ್ಳುಮುಳ್ಳಾದ ಹಿಂಬದಿಯ ಟೈರುಗಳು, ಒಂದು ಮೋಟರು, ಬಣ್ಣವೇ ಇಲ್ಲದ ಪಾರದರ್ಶಕ ಬಾಡಿ, ಒಂದು ಪುಸ್ತಕ. ಅವನಿಗೆ ಬೇಕಾಗಿದ್ದದ್ದು ಓಡಿಸುವುದು. ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು, ಆಮೇಲೆ ರಿಪೇರಿಯೂ. ಹಾಗಾಗಿ ನಿಮ್ಮ ಕಾರುಗಳ ಹೊಟ್ಟೆಯೊಳಗೆ ಏನೇನಿದೆ ಎಂಬುದು ನಿಮ್ಮಲ್ಲಿ ಕೆಲವರಿಗಿಂತ ನನಗೇ ಹೆಚ್ಚು ಗೊತ್ತಿದ್ದರೆ ಬೇಸರಿಸಬೇಡಿ.

ಆಟಿಕೆ ಅಂಗಡಿಯ ರಿಮೋಟ್ ಕಾರಿಗೂ ಇದಕ್ಕೂ ಇದ್ದ ಅಂತರವನ್ನು ನಿಮಗೆ ವಿವರಿಸಬೇಕಿಲ್ಲ, ಆದರೂ ಈ ಪತ್ರ ಓದುವ ಬೇರೆಯವರಿಗಾಗಿ ಒಂದು ಮಾತು. ಆಟಿಕೆ ಕಾರಿನ ಚಕ್ರ ಒಂದೋ ಪೂರ್ತಿ ಎಡಕ್ಕೆ, ಇಲ್ಲವೇ ಪೂರ್ತಿ ಬಲಕ್ಕೆ. ಒಮ್ಮೆ ಕೆಟ್ಟರೆ ಕಸದ ಬುಟ್ಟಿ. ಈ ಕಾರುಗಳಲ್ಲಿ ರಿಮೋಟಿನ ಕೋಲನ್ನು ಎಷ್ಟು ಸರಿಸಿದರೆ ಚಕ್ರ ಅಷ್ಟೇ ಹೊರಳುತ್ತಿತ್ತು. ಮುರಿದರೆ ಮುರಿದ ಭಾಗವೊಂದನ್ನೇ ಅಂಗಡಿಯಲ್ಲಿ ಕೊಂಡು ಹಾಕಬಹುದಿತ್ತು, ಒಂದು ಗೇರು, ಒಂದು ತೋಳು, ಒಂದು ಬುಷ್. ಮುರಿಯುತ್ತದೆ, ಮಕ್ಕಳು ರಿಪೇರಿ ಮಾಡುತ್ತಾರೆ ಎಂದು ಒಪ್ಪಿಕೊಂಡೇ ತಯಾರಾದ ವಸ್ತು ಅದು.

ಡಿಫರೆನ್ಷಿಯಲ್ ಎಂಬುದನ್ನು ನಾನು ಕಣ್ಣಾರೆ ಕಂಡದ್ದು ಅಲ್ಲಿಯೇ. ಜೋಡಿಸಿ ಮುಗಿಸಿ ಒಂದು ಚಕ್ರವನ್ನು ಮುಂದಕ್ಕೆ ತಿರುಗಿಸಿದರೆ ಇನ್ನೊಂದು ಹಿಂದಕ್ಕೆ ತಿರುಗಿತು. ಏನೋ ತಪ್ಪಿದೆ ಎಂದು ಅಪ್ಪನ ಹತ್ತಿರ ಒಯ್ದೆ. ಅವರು ಊಟದ ಮೇಜಿನ ಮೇಲೆ ಕಾಗದ ಹಾಸಿ, ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಓಡಬೇಕಾಗುತ್ತದೆ, ಎರಡನ್ನೂ ಒಂದೇ ವೇಗಕ್ಕೆ ಕಟ್ಟಿಹಾಕಿದರೆ ಟೈರು ಜಾರಿ ಉಜ್ಜುತ್ತದೆ, ಅದಕ್ಕೇ ಈ ಏರ್ಪಾಡು ಎಂದು ಗೆರೆ ಎಳೆದು ತೋರಿಸಿದರು. ಮನೆ ಮುಂದಿನ ನಮ್ಮ ಕಾರಿನ ಅಡಿಯಲ್ಲಿರುವುದೂ ಇದೇ ಎಂದರು. ನಂಬಿಕೆ ಬರಲಿಲ್ಲ. ಬಗ್ಗಿ ನೋಡಲು ಹೋಗಿ ಲಂಗವೆಲ್ಲ ಎಣ್ಣೆ.

ಬಾಡಿಯ ಬಣ್ಣದ ಕೆಲಸ ಇನ್ನೂ ಸ್ವಾರಸ್ಯದ್ದು. ಪಾಲಿಕಾರ್ಬನೇಟ್ ಬಾಡಿಗೆ ಬಣ್ಣ ಹೊಡೆಯುವುದು ಒಳಗಿನಿಂದ. ಕಾರು ಎಷ್ಟು ಸಲ ಮಗುಚಿ ಉಜ್ಜಿದರೂ ಬಣ್ಣ ಹೋಗಬಾರದಲ್ಲ. ಹಾಗಾಗಿ ಎಲ್ಲವೂ ತಿರುಗಾಮುರುಗಾ: ಸಣ್ಣ ಗೆರೆ, ಪಟ್ಟಿಗಳು ಮೊದಲು, ದೊಡ್ಡ ಬಣ್ಣ ಕೊನೆಗೆ. ಕಿಟಕಿಗಳಿಗೆ ಟೇಪು ಅಂಟಿಸಿ, ತೆಳುವಾಗಿ ಮತ್ತೆ ಮತ್ತೆ ಹೊಡೆದು, ಒಣಗುವವರೆಗೆ ಕೈಕಟ್ಟಿ ಕಾಯಬೇಕು. ಮುಂದೆ ಎಷ್ಟೋ ಕೆಲಸಗಳಲ್ಲಿ ನನ್ನ ಕೈಹಿಡಿದದ್ದು ಆ ಕಾಯುವ ಅಭ್ಯಾಸ. ಶಾಲೆಯ ಚಿತ್ರಕಲೆಯ ತರಗತಿಯಲ್ಲಿ ಯಾರೂ ಅದನ್ನು ಕಲಿಸಿರಲಿಲ್ಲ.

ಈ ಕಾರುಗಳು ಹುಟ್ಟಿದ ಬಗೆಯನ್ನು ಒಮ್ಮೆ ನೆನಪಿಸಿಕೊಳ್ಳೋಣ. ಜಪಾನಿನ ಶಿಜುಓಕಾ ಊರಿನಲ್ಲಿ 1946ರಲ್ಲಿ ಟಮಿಯಾ ಶುರುವಾದದ್ದು ಮರದ ವ್ಯಾಪಾರವಾಗಿ. ಆಮೇಲೆ ಮರದ ಮಾದರಿಗಳು, ಕಾಲ ಬದಲಾದಾಗ ಪ್ಲಾಸ್ಟಿಕ್ ಮಾದರಿಗಳು. ಸ್ಥಾಪಕರ ಮಗ ಶುನ್ಸಾಕು ಟಮಿಯಾ ಪೋರ್ಷೆ ಕಾರಿನ ಮಾದರಿಯೊಂದನ್ನು ಮಾಡಹೊರಟಾಗ ಫೋಟೋ, ನಕ್ಷೆಗಳು ಸಾಲದೆ, ನಿಜವಾದ ಪೋರ್ಷೆ 911 ಒಂದನ್ನೇ ಕೊಂಡು ತಂದು ಬಿಚ್ಚಿಹಾಕಿಸಿದರು. 1976ರಲ್ಲಿ ಅವರ ಮೊದಲ ರೇಡಿಯೊ ಕಂಟ್ರೋಲ್ ಕಾರಾಗಿ ಹೊರಬಂದದ್ದು ಆ ಮನೆತನದ್ದೇ ಪೋರ್ಷೆ 934, ಅಸಲಿ ಕಾರಿನ ಹನ್ನೆರಡನೇ ಒಂದು ಪಾಲು ಗಾತ್ರ. ಅದರ ಹಿಂದೆಯೇ ಮಣ್ಣಿನಲ್ಲಿ ಓಡುವ ಬಗ್ಗಿಗಳು ಬಂದವು: 1979ರಲ್ಲಿ ಸ್ಯಾಂಡ್ ಸ್ಕಾರ್ಚರ್, 1983ರಲ್ಲಿ ಫ್ರಾಗ್, 1984ರಲ್ಲಿ ಗ್ರಾಸ್‌ಹಾಪರ್ ಮತ್ತು ಹಾರ್ನೆಟ್, 1985ರಲ್ಲಿ ನಾಲ್ಕೂ ಚಕ್ರಕ್ಕೆ ಎಳೆತವಿರುವ ಹಾಟ್‌ಶಾಟ್. ಶುನ್ಸಾಕು ಅವರು 2025ರ ಜುಲೈನಲ್ಲಿ ತಮ್ಮ 90ನೇ ವಯಸ್ಸಿನಲ್ಲಿ ತೀರಿಕೊಂಡರು. ಅಂದು ನಿಮ್ಮಲ್ಲಿ ಅನೇಕರು ಪೆಟ್ಟಿಗೆಗಳ ರಾಶಿಯ ಮುಂದೆ ನಿಂತು ಫೋಟೋ ಹಂಚಿಕೊಂಡಿರಿ. ನಿಮ್ಮ ದುಃಖ ನಿಜವಾದದ್ದೇ. ಆದರೂ ಕೇಳಬೇಕೆನಿಸುತ್ತದೆ: ನಿಜವಾದ ಪೋರ್ಷೆಯನ್ನೇ ಬಿಚ್ಚಿ ನೋಡಿದ ಮನುಷ್ಯನಿಗೆ ಬಿಚ್ಚದ ಪೆಟ್ಟಿಗೆಯಿಂದ ಎಂಥ ಗೌರವ ಸಂದೀತು?

ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿರುವುದು ಭಾನುವಾರಗಳು. ಆಗಿನ ಇಂಗ್ಲೆಂಡಿನಲ್ಲಿ ಭಾನುವಾರ ದೊಡ್ಡ ಅಂಗಡಿಗಳು ತೆರೆಯುವಂತಿರಲಿಲ್ಲ. ಆ ಕಾನೂನು ಸಡಿಲವಾದದ್ದು 1994ರಲ್ಲಿ. ಸೂಪರ್‌ಮಾರ್ಕೆಟ್ಟಿನ ಕಾರ್ ಪಾರ್ಕು ದಿನವಿಡೀ ಖಾಲಿ. ಊರಿನ ಹುಡುಗರೆಲ್ಲ ಕಾರು, ಬ್ಯಾಟರಿ ಹೊತ್ತು ಅಲ್ಲಿಗೆ ಬರುತ್ತಿದ್ದರು. ರೇಡಿಯೊ 27 ಮೆಗಾಹರ್ಟ್ಸ್‌ನದು. ಕಂದು, ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ ಎಂದು ಬೇರೆ ಬೇರೆ ತರಂಗಕ್ಕೆ ಆರು ಬಣ್ಣದ ಗುರುತಿನ ಕ್ರಿಸ್ಟಲ್‌ಗಳು. ಒಂದೇ ಬಣ್ಣದವರು ಇಬ್ಬರು ಒಟ್ಟಿಗೆ ಸ್ವಿಚ್ ಹಾಕಿದರೆ ಒಬ್ಬನ ಕಾರು ಇನ್ನೊಬ್ಬನ ಮಾತು ಕೇಳಿ ಗೋಡೆಗೆ ಹೋಗಿ ಗುದ್ದುತ್ತಿತ್ತು. ಹಾಗಾಗಿ ಅಲ್ಲಿ ಹೊಸಬರಿಗೆ ಕೇಳುತ್ತಿದ್ದ ಮೊದಲ ಪ್ರಶ್ನೆ "ನಿನ್ನದು ಯಾವ ಬಣ್ಣ?" ಅದು ಕ್ರಿಸ್ಟಲ್‌ನ ಬಣ್ಣ. ಶಾಲೆಯಲ್ಲಿ, ಬಸ್ಸಿನಲ್ಲಿ ನಮ್ಮ ಮೈಬಣ್ಣದ ಬಗ್ಗೆ ಬೇರೆ ಬಗೆಯ ಮಾತು ಕೇಳಿ ಅಭ್ಯಾಸವಾಗಿದ್ದ ಅಣ್ಣನಿಗೂ ನನಗೂ ಆ ಪ್ರಶ್ನೆ ಎಷ್ಟು ಹಿತವಾಗಿತ್ತೆಂದು ಈಗ ಹೊಳೆಯುತ್ತದೆ. ಆರು ಬಣ್ಣ, ಹತ್ತು ಹುಡುಗರು ಎಂದಮೇಲೆ ಸರದಿ ಕಾಯಬೇಕು, ಕ್ರಿಸ್ಟಲ್ ಸಾಲ ಕೊಡಬೇಕು, ಜಗಳವಾದರೆ ತಾವೇ ಬಗೆಹರಿಸಿಕೊಳ್ಳಬೇಕು. ನಡುವೆ ಹತ್ತಿರದ ರಸ್ತೆಯಲ್ಲಿ ಅಮೆರಿಕನ್ ಮಾದರಿಯ ಸಿಬಿ ರೇಡಿಯೊ ಇಟ್ಟುಕೊಂಡ ಲಾರಿ ಹೋದರೆ ಅದೂ ಅದೇ ತರಂಗದ ಆಸುಪಾಸಿನದಾದ್ದರಿಂದ ಎಲ್ಲರ ಕಾರಿಗೂ ಒಟ್ಟಿಗೆ ಹುಚ್ಚು ಹಿಡಿಯುತ್ತಿತ್ತು. ಇಂದಿನ 2.4 ಗಿಗಾಹರ್ಟ್ಸ್ ರೇಡಿಯೊಗಳಲ್ಲಿ ಈ ಪಡಿಪಾಟಲು ಇಲ್ಲ. ಒಳ್ಳೆಯದೇ ಆಯಿತು ಎನ್ನಬೇಕು. ನನಗೇಕೋ ಪೂರ್ತಿ ಮನಸ್ಸಿನಿಂದ ಎನ್ನಲಾಗುವುದಿಲ್ಲ.

ಬ್ಯಾಟರಿ 7.2 ವೋಲ್ಟಿನ ನಿಕಲ್ ಕ್ಯಾಡ್ಮಿಯಂ. ಅದು ಓಡಿಸುತ್ತಿದ್ದದ್ದು ಹತ್ತು ನಿಮಿಷದಷ್ಟು ಹೊತ್ತು ಮಾತ್ರ. ಮನೆಯ ಸಾದಾ ಚಾರ್ಜರಿನಲ್ಲಿ ಮತ್ತೆ ತುಂಬಲು ರಾತ್ರಿಯಿಡೀ ಬೇಕು. ಉಳಿದ ಹೊತ್ತೆಲ್ಲ ಕಾರನ್ನು ಮಗುಚಿಟ್ಟುಕೊಂಡು ಮಾತು, ಬಿಚ್ಚುವುದು, ಒರೆಸುವುದು, ಇನ್ನೊಬ್ಬರದರ ಜತೆ ಹೋಲಿಸುವುದು.

ಒಂದು ರಜೆಗೆ ಹಾರ್ನೆಟ್ ನಮ್ಮ ಜತೆ ತೀರ್ಥಹಳ್ಳಿಗೂ ಬಂತು. ಇಂಗ್ಲೆಂಡಿನ ಬೇಸಿಗೆ ರಜೆಯೆಂದರೆ ಮಲೆನಾಡಿನಲ್ಲಿ ಮಳೆಗಾಲ. ಅಂಗಳದಲ್ಲಿ ಕಾಲಿಟ್ಟರೆ ಪಾಚಿ ಜಾರುತ್ತದೆ. ರಿಸೀವರನ್ನು ಬಲೂನಿನೊಳಗೆ ತುರುಕಿ ಬಾಯಿ ಕಟ್ಟಿ, ಅದೇ ಅಂಗಳದಲ್ಲಿ ಓಡಿಸಿದೆವು. ಅಜ್ಜಿಯ ಕೋಳಿಗಳು ಹಿತ್ತಲು ಬಿಟ್ಟು ಈಚೆ ಬರಲಿಲ್ಲ. ಕಡೆಗೆ ಜಗಲಿಯ ಕಂಬಕ್ಕೆ ಗುದ್ದಿ ಮುಂದಿನ ತೋಳು ಮುರಿಯಿತು. ಮಾರನೆಯ ದಿನ ಸ್ಪೀಡ್ ಕಂಟ್ರೋಲರೂ ಕೈಕೊಟ್ಟಿತು. ಬಿಡಿಭಾಗದ ಅಂಗಡಿ ಸಮುದ್ರದಾಚೆ. ಚಿಕ್ಕಪ್ಪ ನಮ್ಮನ್ನು ಪೇಟೆಯ ರೇಡಿಯೊ ರಿಪೇರಿಯವರ ಹತ್ತಿರ ಕರೆದೊಯ್ದರು. ಅವರು ಅಂಥ ಕಾರನ್ನು ಅದುವರೆಗೆ ಕಂಡವರಲ್ಲ. ತಿರುಗಿಸಿ ಮುರುಗಿಸಿ ನೋಡಿ, ಸ್ಪೀಡ್ ಕಂಟ್ರೋಲರಿನ ಸುರುಳಿಯ ರೆಸಿಸ್ಟರನ್ನು ಬೆರಳಿನಿಂದ ತಟ್ಟಿ, "ಇದು ಫ್ಯಾನಿನ ರೆಗ್ಯುಲೇಟರ್ ಕಣಮ್ಮ, ಬೇರೆ ಏನಲ್ಲ" ಎಂದರು. ನಿಜಕ್ಕೂ ಅಷ್ಟೇ ಅದು. ನಿಧಾನ ಹೋಗಬೇಕಾದಾಗ ವಿದ್ಯುತ್ತಿನ ಒಂದು ಪಾಲನ್ನು ಶಾಖವಾಗಿ ಸುಟ್ಟು ಹಾಕುವ ಏರ್ಪಾಡು. ಸುಟ್ಟು ಕಪ್ಪಾಗಿದ್ದ ತಾಮ್ರದ ಬಿಲ್ಲೆಗಳನ್ನು ಉಪ್ಪು ಕಾಗದದಲ್ಲಿ ಉಜ್ಜಿದರು. ಮುರಿದ ತೋಳಿನ ಎರಡು ತುಂಡುಗಳಿಗೂ ಅಡ್ಡಲಾಗಿ ತಂತಿ ಇಟ್ಟು, ಬೆಸುಗೆ ಕಡ್ಡಿಯ ಬಿಸಿಗೆ ಪ್ಲಾಸ್ಟಿಕ್ಕನ್ನು ಕರಗಿಸಿ ಅದರೊಳಗೆ ಹೂತರು. ನನ್ನ ಕೈಗೂ ಕಡ್ಡಿ ಕೊಟ್ಟು ಇನ್ನೊಂದು ಬದಿಯನ್ನು ನನ್ನಿಂದಲೇ ಮಾಡಿಸಿದರು. ಇಂಗ್ಲೆಂಡಿಗೆ ಮರಳಿದ ಮೇಲೂ ಆ ತೋಳನ್ನು ಬದಲಿಸಲಿಲ್ಲ, ಬದಲಿಸುವ ಅಗತ್ಯವೇ ಬೀಳಲಿಲ್ಲ.

ನೀವು ಪೆಟ್ಟಿಗೆ ಬಿಚ್ಚದಿರುವುದಕ್ಕೆ ಕಾರಣಗಳಿವೆ, ಅವನ್ನು ನಾನು ಹಗುರ ಮಾಡುತ್ತಿಲ್ಲ. ಭಾರತದಲ್ಲಿ ಬೆಳೆದವರಿಗೆ ಆ ಕಾಲದಲ್ಲಿ ಇವು ಗಗನಕುಸುಮ. 1991ರ ಮುಂಚೆ ಆಮದಿನ ಮೇಲಿದ್ದ ಬಿಗಿ ನಿಮಗೆ ನೆನಪಿದೆ. ಗಲ್ಫ್‌ನಿಂದ ಬಂದ ಮಾವನ ಸೂಟ್‌ಕೇಸಿನಲ್ಲಿ ಇಂಥದೊಂದು ಕಂಡು, ಅದು ಮಾವನ ಮಗನದಾಗಿ, ನೀವು ಗೇಟಿನ ಹೊರಗೆ ನಿಂತು ನೋಡಿರಬಹುದು. ನಡುವಯಸ್ಸಿನಲ್ಲಿ ಕೈಯಲ್ಲಿ ಕಾಸು ಬಂದಾಗ ಅದೇ ಪೆಟ್ಟಿಗೆ, ಅದೇ ಚಿತ್ರ ಮತ್ತೆ ಮಾರುಕಟ್ಟೆಯಲ್ಲಿ ಕಂಡರೆ ಯಾರು ತಾನೇ ಬಿಟ್ಟಾರು? ಕೊಂಡದ್ದರಲ್ಲಿ ಏನೂ ತಪ್ಪಿಲ್ಲ.

ಆದರೆ ಸೀಲು ಒಡೆದರೆ ಬೆಲೆ ಹೋಗುತ್ತದೆ ಎಂಬ ನಿಮ್ಮ ವಾದ ನನಗೆ ಒಪ್ಪಿಗೆಯಿಲ್ಲ. 1979ರಲ್ಲೇ ತಯಾರಾದ ಅಸಲಿ ಸ್ಯಾಂಡ್ ಸ್ಕಾರ್ಚರ್ ಬಿಚ್ಚದೆ ನಿಮ್ಮಲ್ಲಿದ್ದರೆ, ಇಟ್ಟುಕೊಳ್ಳಿ, ಅದು ವಸ್ತುಸಂಗ್ರಹಾಲಯದ ಸಾಮಾನು, ಅದನ್ನು ನಾನು ಕೇಳುತ್ತಿಲ್ಲ. ನಿಮ್ಮ ಅಟ್ಟದಲ್ಲಿರುವ ಬಹುಪಾಲು ಪೆಟ್ಟಿಗೆಗಳು ಹಾಗಲ್ಲ. ಅವು ಮರುಬಿಡುಗಡೆಗಳು. ಹಾರ್ನೆಟ್ 2004ರಲ್ಲಿ ಮರಳಿ ಬಂತು, ಗ್ರಾಸ್‌ಹಾಪರ್, ಫ್ರಾಗ್ 2005ರಲ್ಲಿ, ಹಾಟ್‌ಶಾಟ್ 2007ರಲ್ಲಿ, ಸ್ಯಾಂಡ್ ಸ್ಕಾರ್ಚರ್ 2010ರಲ್ಲಿ. ಕಂಪನಿ ಮನಸ್ಸು ಮಾಡಿದರೆ ಅದೇ ಅಚ್ಚಿನಿಂದ ಮತ್ತೆ ಸಾವಿರಗಟ್ಟಲೆ ತೆಗೆಯುತ್ತದೆ. ನೀವು ಕಾವಲು ಕಾಯುತ್ತಿರುವುದು ಅಂಗಡಿಯಲ್ಲಿ ಸಿಗುವ ಸಾಮಾನನ್ನು.

ಬಿಚ್ಚದಿದ್ದರೆ ಅದು ಹಾಗೆಯೇ ಉಳಿಯುತ್ತದೆಯೇ ಎಂದರೆ ಅದೂ ಇಲ್ಲ. ಟೈರಿನ ರಬ್ಬರು ವರ್ಷ ಕಳೆದಂತೆ ಗಡುಸಾಗಿ ಬಿರುಕು ಬಿಡುತ್ತದೆ. ಅದರಿಂದ ಒಸರುವ ರಾಸಾಯನಿಕ ಪಕ್ಕದ ಪ್ಲಾಸ್ಟಿಕ್ ಭಾಗಕ್ಕೆ ತಾಗಿದರೆ ಅದನ್ನು ಕರಗಿಸುತ್ತದೆ. ಸ್ಟಿಕ್ಕರಿನ ಹಾಳೆ ಹಳದಿಯಾಗುತ್ತದೆ, ಗ್ರೀಸು ಒಣಗುತ್ತದೆ. ಮಂಗಳೂರು, ಉಡುಪಿಯಂಥ ಕಡಲ ಬದಿಯ ಊರಿನವರಾದರೆ ಸ್ಕ್ರೂಗಳಿಗೆ ತುಕ್ಕು, ರಟ್ಟಿಗೆ ಬೂಸ್ಟು ಬೇರೆ. ನೀವು ರಿಟೈರ್ ಆಗಿ, ಕನ್ನಡಕ ಏರಿಸಿಕೊಂಡು, ನಡುಗುವ ಬೆರಳಿನಿಂದ ತೆರೆಯುವ ಹೊತ್ತಿಗೆ ಒಳಗಿರುವುದು ಇಂದು ಇದ್ದಂತೆ ಇರುವುದಿಲ್ಲ.

"ಈಗಿನ ಮಕ್ಕಳಿಗೆ ಇದೆಲ್ಲ ಎಲ್ಲಿ ಬೇಕು, ಮೊಬೈಲ್ ಇದ್ದರಾಯಿತು" ಎಂಬ ಮಾತನ್ನೂ ನಿಮ್ಮಿಂದ ಕೇಳಿದ್ದೇನೆ. ಮಕ್ಕಳಿಗೆ ನೀವು ತೋರಿಸಿರುವುದು ಮುಚ್ಚಳದ ಚಿತ್ರವನ್ನು, ಅದೂ ದೂರದಿಂದ. ಮೈಸೂರಿನಲ್ಲಿ ನಮ್ಮ ಪಕ್ಕದ ಮನೆಯ ಏಳನೇ ತರಗತಿಯ ಹುಡುಗಿಯ ಮುಂದೆ ನಾನು ಒಂದು ಗ್ರಾಸ್‌ಹಾಪರ್ ಕಿಟ್ಟು ಇಟ್ಟೆ. ಹಾರ್ನೆಟ್ಟಿನ 540 ಮೋಟರಿನ ಬದಲು ಇದರಲ್ಲಿರುವುದು ಚಿಕ್ಕ 380, ವೇಗ ಕಡಿಮೆ. ಬಾಡಿ ಬಿಳಿ ಪ್ಲಾಸ್ಟಿಕ್ಕಿನದೇ ಆದ್ದರಿಂದ ಬಣ್ಣ ಹೊಡೆಯದಿದ್ದರೂ ನಡೆಯುತ್ತದೆ. ಕಲಿಯುವವರಿಗೆ ಹೇಳಿ ಮಾಡಿಸಿದ್ದು. ಪುಸ್ತಕದ ಭಾಷೆ ಅವಳಿಗೆ ಅಡ್ಡಿಯಾಗಲೇ ಇಲ್ಲ. ಎಲ್ಲವೂ ಚಿತ್ರಗಳಲ್ಲಿದೆ, ಸ್ಕ್ರೂಗಳನ್ನು ಅವುಗಳ ನಿಜವಾದ ಅಳತೆಯಲ್ಲೇ ಮುದ್ರಿಸಿದ್ದಾರೆ. ಕೈಯಲ್ಲಿರುವ ಸ್ಕ್ರೂವನ್ನು ಹಾಳೆಯ ಮೇಲಿಟ್ಟು ಇದೇ ಹೌದೋ ಅಲ್ಲವೋ ಎಂದು ಅವಳೇ ನೋಡಿಕೊಳ್ಳುತ್ತಿದ್ದಳು. ಎಲ್ಲ ಮುಗಿಸಿ ಸ್ವಿಚ್ ಹಾಕಿ ಮುಂದಕ್ಕೆ ಒತ್ತಿದರೆ ಕಾರು ಹಿಂದಕ್ಕೆ ಹೋಯಿತು. ಕಾರಣ ನನಗೆ ನೋಡಿದೊಡನೆ ತಿಳಿಯಿತು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು ಕಾಫಿ ಮಾಡಲು ಎದ್ದು ಹೋದೆ. ಅವಳು ಗೇರ್ ಬಾಕ್ಸು ತಪ್ಪಿರಬೇಕೆಂದು ಪೂರ್ತಿ ಬಿಚ್ಚಿ, ಅದು ಸರಿಯಾಗಿಯೇ ಇದೆಯೆಂದು ಕಂಡುಕೊಂಡು, ಮತ್ತೆ ಮುಚ್ಚಿ, ಮೋಟರಿನ ಎರಡು ತಂತಿಗಳನ್ನು ಅದಲುಬದಲು ಮಾಡಿದಳು. "ಆಂಟೀ, ನಿಮಗೆ ಮೊದಲೇ ಗೊತ್ತಿತ್ತಲ್ವಾ?" ಎಂದು ನನ್ನನ್ನು ದುರುಗುಟ್ಟಿ ನೋಡಿದಳು.

ಹಾಗಾಗಿ ಪೆಟ್ಟಿಗೆ ಬಿಚ್ಚುವುದಕ್ಕಿಂತ ಕಷ್ಟದ ಬೇಡಿಕೆ ಒಂದಿದೆ. ಮಗು ಜೋಡಿಸುವಾಗ ನೀವು ಸ್ಕ್ರೂಡ್ರೈವರ್ ಕಸಿದುಕೊಳ್ಳಬೇಡಿ. ಸ್ಟಿಕ್ಕರ್ ಓರೆಯಾದರೆ ಓರೆಯಾಗಲಿ. ಚಿತ್ರದಲ್ಲಿರುವಂತೆ ಕಪ್ಪು ಬಣ್ಣವೇ ಬೇಕೆಂದು ಹಟ ಹಿಡಿಯಬೇಡಿ, ಅವಳಿಗೆ ನೇರಳೆ ಬೇಕಾದರೆ ನೇರಳೆಯಾಗಲಿ. ಆ ಕಿಟ್ಟಿಗೆ ನೀವು ಎಷ್ಟು ಕೊಟ್ಟಿರಿ ಎಂಬುದು ಮಗುವಿನ ಕಿವಿಗೆ ಬೀಳದಿರಲಿ. ಅದು ಬಿದ್ದರೆ ಮಗು ಹೆದರಿ ಓಡಿಸುತ್ತದೆ, ಹೆದರಿ ಓಡಿಸಿದರೆ ಅದು ಆಟವಲ್ಲ. ಮಗ ಎಂದೇ ಯೋಚಿಸಬೇಡಿ, ಮಗಳನ್ನೂ ಕರೆಯಿರಿ. ಆಗಿನ ಜಾಹೀರಾತುಗಳಲ್ಲಿ ಹುಡುಗರದೇ ಮುಖ, ನನ್ನಂಥವರು ಒಳಗೆ ಬಂದದ್ದು ಅಣ್ಣನ ಸೋಮಾರಿತನದ ಕೃಪೆಯಿಂದ.

ಇನ್ನು ನಿಮ್ಮಲ್ಲಿ ಓಡಿಸುವವರಿಗೆ. ಹಾರ್ನೆಟ್ಟಿಗೆ ಬ್ರಶ್‌ಲೆಸ್ ಮೋಟರು ಹಾಕಿ ವೇಗದ ಹುಚ್ಚು ತೀರಿಸಿಕೊಳ್ಳಬೇಡಿ. ಆ ಗೇರ್ ಬಾಕ್ಸು ಅದನ್ನು ತಾಳುವುದಿಲ್ಲ, ಹಿಂಭಾಗ ಮೊದಲೇ ಕುಪ್ಪಳಿಸುವ ಜಾತಿಯದು. ಮಕ್ಕಳ ಕೈಗೆ ಲಿಥಿಯಂ ಪಾಲಿಮರ್ ಬ್ಯಾಟರಿ ಕೊಡಬೇಡಿ, ಜಖಂ ಆದರೆ ಬೆಂಕಿ ಹೊತ್ತಿಕೊಳ್ಳಬಹುದು. ನಿಕಲ್ ಮೆಟಲ್ ಹೈಡ್ರೈಡ್ ಧಾರಾಳ ಸಾಕು. ಡ್ರಾಯರಿನಲ್ಲಿ ಹಳೆಯ ನಿಕಲ್ ಕ್ಯಾಡ್ಮಿಯಂ ಪ್ಯಾಕುಗಳು ಬಿದ್ದಿದ್ದರೆ ಮನೆಯ ಕಸಕ್ಕೆ ಎಸೆಯಬೇಡಿ, ಕ್ಯಾಡ್ಮಿಯಂ ವಿಷ. ಇ-ತ್ಯಾಜ್ಯ ಪಡೆಯುವವರಿಗೆ ಒಪ್ಪಿಸಿ. ಹಳೆಯ ಕಾರುಗಳ ಬಿಡಿಭಾಗಗಳನ್ನು ಮೂಟೆ ಕಟ್ಟಿ ಇಟ್ಟುಕೊಂಡವರೂ ಇದ್ದೀರಿ. ಒಂದು ಗೇರಿಲ್ಲದೆ ಯಾರದೋ ಮನೆಯಲ್ಲಿ ಒಂದು ಇಡೀ ಕಾರು ನಿಂತುಹೋಗಿರುತ್ತದೆ. ನ್ಯಾಯವಾದ ಬೆಲೆಗೆ ಅದನ್ನು ಕೊಟ್ಟುಬಿಡಿ.

ಮನೆಯಲ್ಲಿ ಮಕ್ಕಳಿಲ್ಲದವರು ಹತ್ತಿರದ ಶಾಲೆಯನ್ನು ವಿಚಾರಿಸಬಹುದು. ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬುಗಳು ಕರ್ನಾಟಕದ ಅನೇಕ ಶಾಲೆಗಳಲ್ಲಿ ಇವೆ, ಆರನೇ ತರಗತಿಯಿಂದ ಮೇಲಿನ ಮಕ್ಕಳು ಅಲ್ಲಿ ಕೆಲಸ ಮಾಡುತ್ತಾರೆ. ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಒಂದು ಶನಿವಾರ ಕಿಟ್ಟಿನೊಂದಿಗೆ ಹೋಗಿ. ಕೊಟ್ಟು ಬಂದುಬಿಡಬೇಡಿ, ಜೋಡಿಸಿ ಮುಗಿಯುವವರೆಗೆ ಮತ್ತೆ ಮತ್ತೆ ಹೋಗಿ. ಓಡಿಸಲು ಶಾಲೆಯ ಮೈದಾನವೇ ಸಾಕು.

ಹೊರಡುವ ಮುನ್ನ ಎರಡು ಮಾತು ನೆನಪಿರಲಿ. ಈ ಕಿಟ್ಟಿನ ಸ್ಕ್ರೂಗಳ ತಲೆ ಜಪಾನಿ ಅಳತೆಯದು. ನಮ್ಮ ಅಂಗಡಿಗಳಲ್ಲಿ ಸಿಗುವ ಸ್ಟಾರ್ ಸ್ಕ್ರೂಡ್ರೈವರ್ ಅದರಲ್ಲಿ ಜಾರಿ ತಲೆ ತಿಂದುಬಿಡುತ್ತದೆ, ಜೆಐಎಸ್ ಎಂದು ಕೇಳಿ ಸರಿಯಾದದ್ದನ್ನೇ ಕೊಳ್ಳಿ. ಪ್ಲಾಸ್ಟಿಕ್ಕಿಗೆ ಸ್ಕ್ರೂವನ್ನು ಎರಡನೇ ಸಲ ಹಾಕುವಾಗ ಮೊದಲು ಹಿಂದಕ್ಕೆ ತಿರುಗಿಸಲು ಮಕ್ಕಳಿಗೆ ಹೇಳಿ. ಹಳೆಯ ಗೆರೆಯಲ್ಲಿ ಅದು ಟಕ್ ಎಂದು ಕೂತದ್ದು ಬೆರಳಿಗೆ ತಿಳಿದ ಮೇಲಷ್ಟೇ ಮುಂದಕ್ಕೆ ಬಿಗಿಯಲಿ.

ಇತಿ,
ನಿಮ್ಮ ವಿಶ್ವಾಸಿ,
ಹಾರ್ನೆಟ್ ಓಡಿಸಿದವನ ತಂಗಿ
ಮೈಸೂರು